ಗ್ಯಾರೇಜಿನ ಸಬ್ ಪ್ಯಾನಲ್: ನೆಲಕ್ಕೆ ಹೊಡೆದ ರಾಡ್ ಒಂದೇ ನಿಮ್ಮನ್ನು ಕಾಯುವುದಿಲ್ಲ

ಗ್ಯಾರೇಜಿಗೆ ಬೇರೆ ಪ್ಯಾನಲ್ ಹಾಕಿಸಿದವರನ್ನು ಅರ್ತಿಂಗ್ ಹೇಗೆ ಮಾಡಿಸಿದ್ದೀರಿ ಅಂತ ಕೇಳಿ ನೋಡಿ. ಬಹಳ ಜನ ಕೊಡುವ ಉತ್ತರ ಒಂದೇ: "ಹೊರಗಡೆ ರಾಡ್ ಹೊಡೆಸಿದ್ದೀವಲ್ಲ, ಇನ್ನೇನು ಬೇಕು?" ರಾಡ್ ದಪ್ಪಗಿದೆ, ಉದ್ದವಾಗಿದೆ, ಕಣ್ಣಿಗೆ ಕಾಣುತ್ತದೆ. ಅದಕ್ಕೇ ಅದರ ಮೇಲೆ ಅಷ್ಟೊಂದು ನಂಬಿಕೆ. ಆದರೆ ಗ್ರೈಂಡರಿನ ಮೈಗೆ ಫೇಸ್ ತಾಗಿದಾಗ ಬ್ರೇಕರ್ ಬೀಳಿಸುವುದು ಸಾಮಾನ್ಯವಾಗಿ ಆ ರಾಡ್ ಅಲ್ಲ. ಆ ಕೆಲಸ ಮಾಡುವುದು ಫೀಡರ್, ಅಂದರೆ ಮನೆಯಿಂದ ಗ್ಯಾರೇಜಿಗೆ ಬರುವ ದಪ್ಪ ಕೇಬಲ್, ಅದರ ಜೊತೆಗೆ ಮೇನ್ ಪ್ಯಾನಲ್‌ವರೆಗೆ ವಾಪಸ್ ಹೋಗುವ ಹಸಿರು ಅರ್ತ್ ವೈರ್. ಅದರ ಖರ್ಚು ಉಳಿಸುವುದಕ್ಕೆ ಹೋಗಿ, "ರಾಡ್ ಇದೆಯಲ್ಲ" ಅಂತ ಬಿಟ್ಟುಬಿಡುವವರು ಇದ್ದಾರೆ. ಈ ಬರಹ ಹೆಚ್ಚುಕಡಿಮೆ ಅವರಿಗಾಗಿಯೇ.

ಮೊದಲು ಎರಡು ಮಾತು, ಸಬ್ ಪ್ಯಾನಲ್ ಅಂದರೆ ಏನು ಅಂತ. ಮನೆಯ ಮೇನ್ ಪ್ಯಾನಲ್‌ನಲ್ಲಿ ಒಂದು ಬ್ರೇಕರ್ ಹಾಕಿ, ಅಲ್ಲಿಂದ ಒಂದು ದಪ್ಪ ಕೇಬಲ್ ಎಳೆದು, ಗ್ಯಾರೇಜಿನಲ್ಲಿ ಇನ್ನೊಂದು ಚಿಕ್ಕ ಬಾಕ್ಸ್ ಕೂರಿಸುತ್ತೇವೆ. ಅಲ್ಲಿಂದ ಲೈಟು, ಸಾಕೆಟ್ಟು, ಕಂಪ್ರೆಸರು, ವೆಲ್ಡಿಂಗ್ ಮಶೀನು, ಕಾರ್ ಚಾರ್ಜರು ಎಲ್ಲಕ್ಕೂ ಬೇರೆ ಬೇರೆ ಸರ್ಕ್ಯೂಟ್ ಹೋಗುತ್ತವೆ. ಒಂದು ಲೈಟು, ಒಂದು ಪ್ಲಗ್ ಸಾಕು ಅನ್ನುವವರಿಗೆ ಇದು ಬೇಕಿಲ್ಲ. ಒಂದೇ ಸರ್ಕ್ಯೂಟ್ ಎಳೆದರೆ ಆಯಿತು. ಸುಮ್ನೆ ಯಾಕೆ ಖರ್ಚು.

ಈಗ ವಿಷಯಕ್ಕೆ ಬರೋಣ. ಮಣ್ಣಿಗೆ ಕರೆಂಟ್ ಬಿಟ್ಟರೆ ಅದು ಅಲ್ಲೇ "ಇಂಗಿ ಹೋಗುತ್ತದೆ" ಅಂತ ನಮ್ಮ ತಲೆಯಲ್ಲಿ ಒಂದು ಕಲ್ಪನೆ ಕೂತುಬಿಟ್ಟಿದೆ. ಕರೆಂಟ್ ಎಲ್ಲೂ ಇಂಗುವುದಿಲ್ಲ. ಹೊರಟ ಟ್ರಾನ್ಸ್‌ಫಾರ್ಮರಿಗೇ ಅದು ವಾಪಸ್ ಹೋಗಬೇಕು. ದಾರಿ ಸಲೀಸಾಗಿದ್ದರೆ ಜಾಸ್ತಿ ಹರಿಯುತ್ತದೆ, ದಾರಿ ಬಿಗಿಯಾಗಿದ್ದರೆ ಕಡಿಮೆ ಹರಿಯುತ್ತದೆ, ಅಷ್ಟೇ. ಎಂಸಿಬಿಗೆ, ಅಂದರೆ ಪ್ಯಾನಲ್‌ನಲ್ಲಿರುವ ಮಾಮೂಲಿ ಬ್ರೇಕರಿಗೆ, ಫಾಲ್ಟ್ ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮೂಲಕ ಎಷ್ಟು ಕರೆಂಟ್ ಹೋಗುತ್ತಿದೆ ಅನ್ನುವುದು ಮಾತ್ರ. ಕರೆಂಟ್ ಸಾಕಷ್ಟು ಜಾಸ್ತಿ ಹೋಗದಿದ್ದರೆ ಅದು ಬೀಳುವುದಿಲ್ಲ.

ಲೆಕ್ಕ ಹಾಕೋಣ. ಸಪ್ಲೈ 230 ವೋಲ್ಟ್. ರಾಡ್ ಮತ್ತು ಮಣ್ಣಿನ ನಡುವಿನ ರೆಸಿಸ್ಟೆನ್ಸ್ 25 ಓಮ್ ಅಂದುಕೊಳ್ಳಿ. ಒಂಟಿ ರಾಡಿಗೆ ಇದೇನೂ ಕೆಟ್ಟ ಅಂಕಿ ಅಲ್ಲ. ಕಲ್ಲು ನೆಲದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಫೇಸ್ ಹೋಗಿ ಪ್ಯಾನಲ್ ಬಾಡಿಗೆ ತಾಗಿತು, ಬಾಡಿಗೆ ಇರುವ ಅರ್ತ್ ಆ ರಾಡ್ ಒಂದೇ. ಹರಿಯುವ ಕರೆಂಟ್ 230 ಭಾಗಿಸು 25, ಅಂದರೆ 9.2 ಆಂಪ್. ಫೀಡರಿಗೆ ಹಾಕಿರುವುದು 32 ಆಂಪ್ ಬ್ರೇಕರ್. ಅದರ ಪಾಲಿಗೆ ಇದೊಂದು ಸಾಮಾನ್ಯ ಲೋಡ್. ಗಂಟೆಗಟ್ಟಲೆ, ದಿನಗಟ್ಟಲೆ ಹಾಗೇ ಹರಿಯುತ್ತಿರುತ್ತದೆ. ಎರಡು ಕಿಲೋವ್ಯಾಟ್‌ಗಿಂತ ಜಾಸ್ತಿ ಪವರ್ ಮಣ್ಣನ್ನು ಬಿಸಿ ಮಾಡುತ್ತಾ ಕೂತಿರುತ್ತದೆ, ಪ್ಯಾನಲ್ ಬಾಡಿ ಹೆಚ್ಚುಕಡಿಮೆ 230 ವೋಲ್ಟ್‌ನಲ್ಲಿ ನಿಂತಿರುತ್ತದೆ. ರಾಡ್ ಇದೆ, ವೈರ್ ಇದೆ, ಕ್ಲಾಂಪ್ ಬಿಗಿಯಾಗಿದೆ, ಆದರೂ ಮುಟ್ಟಿದವನಿಗೆ ಶಾಕ್ ಹೊಡೆಯುತ್ತದೆ. ಕಷ್ಟಪಟ್ಟು ರಾಡಿನ ರೆಸಿಸ್ಟೆನ್ಸ್ 10 ಓಮ್‌ಗೆ ಇಳಿಸಿದರೂ ಬರುವುದು 23 ಆಂಪ್. 16 ಆಂಪ್ ಎಂಸಿಬಿ ಒಂದು ಗಂಟೆಯ ಒಳಗೆ ಬೀಳಲೇಬೇಕಾದ ಕರೆಂಟ್ ಅದರ ರೇಟಿಂಗಿನ 1.45 ಪಟ್ಟು, ಅಂದರೆ 23.2 ಆಂಪ್. ನೋಡಿದಿರಾ, ಅಷ್ಟು ಒಳ್ಳೆಯ ರಾಡ್ ಇದ್ದೂ ಚಿಕ್ಕ ಎಂಸಿಬಿ ಒಂದು ಗಂಟೆಯಲ್ಲಿ ಬೀಳುತ್ತದೆ ಅನ್ನುವುದೂ ಗ್ಯಾರಂಟಿ ಇಲ್ಲ.

ಈಗ ಅದೇ ಜಾಗದಲ್ಲಿ ಹಸಿರು ವೈರ್ ಹಾಕಿ ನೋಡಿ. ಫೀಡರ್ 6 ಸ್ಕ್ವೇರ್ ಎಂಎಂ ತಾಮ್ರ, ದೂರ 30 ಮೀಟರ್, ಅರ್ತ್ ವೈರ್ ಕೂಡ ಅಷ್ಟೇ ದಪ್ಪ. 6 ಸ್ಕ್ವೇರ್ ತಾಮ್ರದ ರೆಸಿಸ್ಟೆನ್ಸ್ ಕಿಲೋಮೀಟರಿಗೆ 3.08 ಓಮ್. ಹೋಗಿ ಬರುವ 60 ಮೀಟರಿಗೆ 0.185 ಓಮ್ ಆಯಿತು. ಮೇನ್ ಪ್ಯಾನಲ್‌ನಿಂದ ಹಿಂದಕ್ಕೆ ಟ್ರಾನ್ಸ್‌ಫಾರ್ಮರ್‌ವರೆಗಿನ ಭಾಗಕ್ಕೆ 0.35 ಓಮ್ ಸೇರಿಸಿ. ಒಟ್ಟು 0.535. ಫಾಲ್ಟ್ ಕರೆಂಟ್ 430 ಆಂಪ್! ಸಿ ಕರ್ವ್ ಬ್ರೇಕರ್ ತನ್ನ ರೇಟಿಂಗಿನ 5ರಿಂದ 10 ಪಟ್ಟು ಕರೆಂಟ್ ಬಂದಾಗ ತಕ್ಷಣ ಬೀಳುತ್ತದೆ, ಅಂದರೆ 32 ಆಂಪಿನದು 320 ಆಂಪ್ ಒಳಗೆ ಖಂಡಿತ ಬೀಳಬೇಕು. 430 ಬಂದರೆ ಕಣ್ಣು ಮಿಟುಕಿಸುವುದರೊಳಗೆ ಢಬ್ ಅಂತ ಬಿತ್ತು. ಒಂದು ಕಡೆ 9 ಆಂಪ್, ಇನ್ನೊಂದು ಕಡೆ 430. ಇಡೀ ವಿಷಯ ಈ ಎರಡು ಅಂಕಿಗಳಲ್ಲಿದೆ.

ಇದಕ್ಕೆ ಒಂದು ತಕರಾರು ಬರುತ್ತದೆ, ಬರಲೇಬೇಕು. "ನಮ್ಮ ಸಪ್ಲೈಯಲ್ಲಿ ಕಂಪನಿಯವರು ಅರ್ತ್ ಟರ್ಮಿನಲ್ ಕೊಟ್ಟೇ ಇಲ್ಲ, ಮನೆಗೆ ಇರುವುದೇ ನಮ್ಮ ಸ್ವಂತ ರಾಡ್" ಅಂತ. ಸರಿ, ಅಂಥ ವ್ಯವಸ್ಥೆ ಇದೆ, ಅದಕ್ಕೆ ಟಿಟಿ ಅನ್ನುತ್ತಾರೆ. ಅಲ್ಲಿ ಫಾಲ್ಟ್ ಕರೆಂಟ್ ಮಣ್ಣಿನ ಮೂಲಕವೇ ವಾಪಸ್ ಹೋಗಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಅಲ್ಲಿ ಎಂಸಿಬಿ ನಂಬಿ ಕೂರುವ ಹಾಗೇ ಇಲ್ಲ, ಆರ್‌ಸಿಸಿಬಿ ಇರಲೇಬೇಕು. ಅದು ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ನೋಡುತ್ತದೆ. 30 ಮಿಲಿಆಂಪ್ ವ್ಯತ್ಯಾಸ ಬಂದರೆ ಸಾಕು, ಬೀಳುತ್ತದೆ. ಬಾಡಿ ವೋಲ್ಟೇಜ್ 50 ದಾಟಬಾರದು ಅಂತ ಇಟ್ಟುಕೊಂಡರೆ, 50 ಭಾಗಿಸು 0.03, ರಾಡ್ 1,667 ಓಮ್ ಇದ್ದರೂ ಲೆಕ್ಕದ ಪ್ರಕಾರ ನಡೆಯುತ್ತದೆ. ಅಷ್ಟಕ್ಕೆ ಬಿಡಬೇಡಿ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ರೆಸಿಸ್ಟೆನ್ಸ್ ಏರುತ್ತದೆ, ತುಕ್ಕು ಹಿಡಿದರೆ ಇನ್ನೂ ಏರುತ್ತದೆ. 200 ಓಮ್‌ಗಿಂತ ಕೆಳಗಿರುವುದು ಕ್ಷೇಮ. ಒಟ್ಟಿನಲ್ಲಿ ಟಿಟಿಯಲ್ಲೂ ಕಾಯುವುದು ಬರೀ ರಾಡ್ ಅಲ್ಲ, ರಾಡ್ ಜೊತೆಗಿರುವ ಆರ್‌ಸಿಸಿಬಿ. ಅಲ್ಲೂ ಹಸಿರು ವೈರ್ ಬೇಕು, ಗ್ಯಾರೇಜಿನ ಬಾಡಿಯನ್ನು ಮನೆಯ ಅರ್ತ್‌ಗೆ ಸೇರಿಸುವುದಕ್ಕೆ. ಬೇಡ ಅಂದರೆ ಗ್ಯಾರೇಜಿಗೆ ಅದರದೇ ರಾಡು, ಅದರದೇ ಆರ್‌ಸಿಸಿಬಿ. ಎರಡರಲ್ಲಿ ಒಂದು. ನಿಮ್ಮ ಮನೆಗೆ ಯಾವ ಥರದ ಸಪ್ಲೈ ಬಂದಿದೆ ಅಂತ ತಿಳಿದುಕೊಳ್ಳದೆ ಗ್ಯಾರೇಜಿನ ಕೆಲಸಕ್ಕೆ ಕೈ ಹಾಕಬೇಡಿ.

ಹಾಗಾದರೆ ರಾಡ್ ದಂಡವಾ? ದಂಡ ಅಲ್ಲ, ಅದರ ಕೆಲಸ ಬೇರೆ. ಸಿಡಿಲು ಹತ್ತಿರ ಬಿದ್ದಾಗ ಲೈನಿನಲ್ಲಿ ಬರುವ ಸರ್ಜ್ ಮಣ್ಣಿಗೆ ಇಳಿಯುವುದಕ್ಕೆ ಅದು ಬೇಕು. ಕಟ್ಟಡದ ಲೋಹದ ಭಾಗಗಳು ಕಾಲ ಕೆಳಗಿನ ನೆಲಕ್ಕೆ ಹತ್ತಿರದ ವೋಲ್ಟೇಜಿನಲ್ಲಿ ಇರುವುದಕ್ಕೂ ಬೇಕು. ಅದಕ್ಕೇ ಮನೆಗೆ ಅಂಟಿಕೊಂಡಿರುವ ಗ್ಯಾರೇಜಿಗೂ ಬೇರೆಯಾಗಿ ನಿಂತಿರುವ ಗ್ಯಾರೇಜಿಗೂ ನಿಯಮ ಬೇರೆ. ಅಮೆರಿಕದ ವೈರಿಂಗ್ ನಿಯಮಾವಳಿ ಎನ್‌ಇಸಿ ಪ್ರಕಾರ ಬೇರೆ ಕಟ್ಟಡಕ್ಕೆ ಫೀಡರ್ ಹೋದರೆ ಅಲ್ಲಿ ರಾಡ್ ಬೇಕು, ಹಸಿರು ವೈರೂ ಬೇಕು. ಒಂದು ಇದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ. ರಾಡ್ ಕನಿಷ್ಠ 8 ಅಡಿ ಮಣ್ಣಿನಲ್ಲಿ ಇಳಿದಿರಬೇಕು. ಒಂದು ರಾಡಿಗೆ 25 ಓಮ್ ಅಥವಾ ಕಡಿಮೆ ಬಂತು ಅಂತ ತೋರಿಸಲು ಆಗದಿದ್ದರೆ, ಕನಿಷ್ಠ 6 ಅಡಿ ದೂರದಲ್ಲಿ ಇನ್ನೊಂದು ಹೊಡೆಯಬೇಕು. ಅಳತೆ ಮಾಡುವ ತಲೆನೋವು ಯಾಕೆ ಅಂತ ಬಹಳ ಜನ ಸೀದಾ ಎರಡು ಹೊಡೆದುಬಿಡುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಬೇರೆ ಕಟ್ಟಡಕ್ಕೆ ಹೋಗುವುದು ಒಂದೇ ಬ್ರಾಂಚ್ ಸರ್ಕ್ಯೂಟ್ ಆಗಿದ್ದು ಅದರಲ್ಲಿ ಅರ್ತ್ ವೈರ್ ಇದ್ದರೆ, ರಾಡ್ ಬೇಕಿಲ್ಲ ಅನ್ನುವ ವಿನಾಯಿತಿಯೂ ಅಲ್ಲಿದೆ. ಅಲ್ಲೇ ನೋಡಿ, ಬಿಡಬಹುದು ಅಂತ ಹೇಳಿರುವುದು ರಾಡನ್ನು, ವೈರನ್ನಲ್ಲ.

ಈಗ ಎರಡನೇ ದೊಡ್ಡ ವಿಷಯ: ನ್ಯೂಟ್ರಲ್ ಮತ್ತು ಅರ್ತ್ ಸಬ್ ಪ್ಯಾನಲ್‌ನಲ್ಲಿ ಒಂದಕ್ಕೊಂದು ಸೇರಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. "ಮೇನ್‌ನಲ್ಲಿ ಎರಡೂ ಒಂದೇ ಕಡೆ ಸೇರಿಕೊಂಡಿವೆ, ಇಲ್ಲಿ ಸೇರಿಸಿದರೆ ಏನಾಯ್ತು?" ಅಂತ ಕೇಳುತ್ತಾರೆ. ಪ್ರಶ್ನೆಯಲ್ಲಿ ತರ್ಕ ಇದೆ. ಉತ್ತರದಲ್ಲೂ ಇದೆ. ಆ ಎರಡೂ ಸೇರುವ ಜಾಗ ಮನೆಯ ಸಪ್ಲೈ ಶುರುವಾಗುವ ಕಡೆ ಇರಬೇಕು. ಅಲ್ಲಿಂದ ಈಚೆಗೆ ಇನ್ನೆಲ್ಲೂ ಇರಬಾರದು. ಟಿಟಿ ಆದರೆ ಮನೆಯೊಳಗೆ ಎಲ್ಲೂ ಸೇರುವಂತಿಲ್ಲ, ಟ್ರಾನ್ಸ್‌ಫಾರ್ಮರ್ ಹತ್ತಿರ ಮಾತ್ರ. ಗ್ಯಾರೇಜಿನಲ್ಲಿ ಇನ್ನೊಂದು ಸಲ ಸೇರಿಸಿದ ಕೂಡಲೇ ಲೋಡಿನ ಕರೆಂಟಿಗೆ ವಾಪಸ್ ಬರಲು ಎರಡು ದಾರಿ ಸಿಗುತ್ತದೆ. ಎರಡು ವೈರೂ ಒಂದೇ ದಪ್ಪ ಇದ್ದರೆ 20 ಆಂಪ್ ಲೋಡಿನಲ್ಲಿ ಹತ್ತು ನ್ಯೂಟ್ರಲ್‌ನಲ್ಲಿ, ಹತ್ತು ಹಸಿರು ವೈರಿನಲ್ಲಿ. ಅರ್ತ್ ವೈರಿನಲ್ಲಿ ಸುಮ್ಮನೆ ದಿನವಿಡೀ 10 ಆಂಪ್ ಹರಿಯುತ್ತಿರುವುದು ಅಂದರೆ, ಆ ವೈರಿಗೆ ಸೇರಿರುವ ಪೈಪು, ಕಾಂಡ್ಯೂಟು, ಕಬ್ಬಿಣದ ಶೆಡ್ಡು, ಬೇರೆ ಉಪಕರಣದ ಬಾಡಿ, ಎಲ್ಲದರಲ್ಲೂ ಅದರ ಪಾಲು ಹರಿಯುತ್ತಿರುತ್ತದೆ. ಮನೆಯಲ್ಲಿ ಫೀಡರಿಗೆ ಆರ್‌ಸಿಸಿಬಿ ಇದ್ದರೆ ಲೋಡ್ ಹಾಕಿದ ಕ್ಷಣ ಅದು ಬೀಳುತ್ತದೆ. ಆಗ "ಆರ್‌ಸಿಸಿಬಿ ಸರಿ ಇಲ್ಲ" ಅಂತ ಅದನ್ನೇ ಕಿತ್ತು ಹಾಕುವ ಪುಣ್ಯಾತ್ಮರೂ ಇದ್ದಾರೆ!

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡೂ ಸೇರಿರುವಾಗ ಫೀಡರಿನ ನ್ಯೂಟ್ರಲ್ ಎಲ್ಲೋ ಸಡಿಲವಾಗಿ ಬಿಟ್ಟುಕೊಂಡಿತು ಅನ್ನಿ. ಸರಿಯಾದ ವೈರಿಂಗ್ ಆಗಿದ್ದರೆ ಗ್ಯಾರೇಜಿನಲ್ಲಿ ಕರೆಂಟ್ ಹೋಗುತ್ತದೆ, ಯಾರಾದರೂ ನೋಡುತ್ತಾರೆ, ರಿಪೇರಿ ಆಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಎಲ್ಲಾ ಕರೆಂಟೂ ಹಸಿರು ವೈರ್ ಮೂಲಕ ವಾಪಸ್ ಹೋಗುತ್ತದೆ, ಲೈಟ್ ಉರಿಯುತ್ತದೆ, ಮಶೀನ್ ಓಡುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಮೇಲೊಂದು ದಿನ ಹಸಿರು ವೈರೂ ಬಿಟ್ಟುಕೊಂಡರೆ, ಆನ್ ಆಗಿರುವ ಯಾವುದೋ ಬಲ್ಬಿನ ಮೂಲಕ ಫೇಸ್ ನ್ಯೂಟ್ರಲ್ ಬಾರಿಗೆ ಬಂದು, ಅಲ್ಲಿಂದ ಪ್ಯಾನಲ್ ಬಾಡಿಗೆ ಬಂದು, ಅಲ್ಲಿಂದ ಗ್ಯಾರೇಜಿನಲ್ಲಿ ಅರ್ತ್ ಆಗಿರುವ ಪ್ರತಿಯೊಂದು ಲೋಹದ ವಸ್ತುವಿಗೂ ಬರುತ್ತದೆ. ಅರ್ತ್ ವೈರೇ ಶಾಕ್ ಹಂಚುವ ವೈರ್ ಆಗುತ್ತದೆ. ಫಾಲ್ಟ್ ಒಂದೂ ಇಲ್ಲ, ಎಲ್ಲಾ ಉಪಕರಣವೂ ಸರಿಯಾಗಿದೆ, ಆದರೂ ಹೀಗೆ.

ಅಮೆರಿಕದಲ್ಲಿ ಒಂದು ಕಾಲದಲ್ಲಿ ಬೇರೆ ಕಟ್ಟಡಕ್ಕೆ ಹಸಿರು ವೈರ್ ಇಲ್ಲದೆ, ಅಲ್ಲೇ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಲು ಕೆಲವು ಷರತ್ತುಗಳ ಮೇಲೆ ಅವಕಾಶ ಇತ್ತು. 2008ರ ಎನ್‌ಇಸಿಯಿಂದ ಹೊಸ ಕೆಲಸಕ್ಕೆ ಅದು ನಿಂತಿತು. ಹಳೆಯ ಗ್ಯಾರೇಜುಗಳಲ್ಲಿ ಈಗಲೂ ಮೂರು ವೈರಿನ ಫೀಡರ್ ಕಾಣಲು ಸಿಗುವುದು ಅದಕ್ಕೇ. ಅದನ್ನು ನೋಡಿ ನಕಲು ಮಾಡಬೇಡಿ. ಈಗ ಅಲ್ಲಿ ಎರಡು ಫೇಸ್ ವೈರ್, ಒಂದು ನ್ಯೂಟ್ರಲ್, ಒಂದು ಅರ್ತ್, ಒಟ್ಟು ನಾಲ್ಕು. 230 ವೋಲ್ಟ್ ಸಿಂಗಲ್ ಫೇಸ್ ಇರುವ ಕಡೆ ಮೂರು. ಮೂರು ಫೇಸ್ ಆದರೆ ಐದು. ಲೆಕ್ಕ ಎಷ್ಟೇ ಆಗಲಿ, ನ್ಯೂಟ್ರಲ್ ಬೇರೆ, ಅರ್ತ್ ಬೇರೆ.

ಬಾಕ್ಸ್ ಒಳಗೆ ಇದನ್ನು ಹೇಗೆ ಮಾಡುವುದು? ನ್ಯೂಟ್ರಲ್ ಬಾರ್ ಪ್ಲಾಸ್ಟಿಕ್ ಕಾಲುಗಳ ಮೇಲೆ ಕೂತಿರಬೇಕು, ಬಾಡಿಗೆ ತಾಗಬಾರದು. ಅರ್ತ್ ಬಾರ್ ನೇರವಾಗಿ ಬಾಡಿಗೆ ಸ್ಕ್ರೂ ಆಗಿರಬೇಕು, ಕೆಳಗೆ ಬಣ್ಣ ಇದ್ದರೆ ಕೆರೆದು ಲೋಹಕ್ಕೆ ಲೋಹ ಕೂರಬೇಕು. ಅಮೆರಿಕದ ಪ್ಯಾನಲ್‌ಗಳ ಜೊತೆ ಒಂದು ಹಸಿರು ಸ್ಕ್ರೂ ಅಥವಾ ಒಂದು ಪಟ್ಟಿ ಬರುತ್ತದೆ, ನ್ಯೂಟ್ರಲ್ ಬಾರನ್ನು ಬಾಡಿಗೆ ಸೇರಿಸುವುದಕ್ಕೆ. ಅದು ಮೇನ್ ಪ್ಯಾನಲ್ ಆಗಿ ಬಳಸುವವರಿಗೆ. ಸಬ್ ಪ್ಯಾನಲ್ ಆಗಿ ಬಳಸುವಾಗ ಅದನ್ನು ಹಾಕುವಂತಿಲ್ಲ. ಪೊಟ್ಟಣದಲ್ಲಿ ಬಂದಿದೆ ಅಂತ ಹಾಕಿಬಿಡುವುದು ಬಹಳ ಸುಲಭ, ಹಾಗಾಗಿ ಮೊದಲು ಅದನ್ನು ಎತ್ತಿಟ್ಟುಬಿಡಿ.

ಸೇರಿದೆಯೋ ಇಲ್ಲವೋ ಅಂತ ನೋಡುವುದು ಕಷ್ಟವೇನಲ್ಲ. ಮೇನ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಮೀಟರಿನಲ್ಲಿ ಖಚಿತ ಮಾಡಿಕೊಂಡು, ಗ್ಯಾರೇಜಿನ ಎಲ್ಲಾ ಪ್ಲಗ್ ಕಿತ್ತು, ಸಬ್ ಪ್ಯಾನಲ್‌ನಲ್ಲಿ ಫೀಡರಿನ ನ್ಯೂಟ್ರಲ್ ಒಂದನ್ನು ಬಿಚ್ಚಿ. ಈಗ ನ್ಯೂಟ್ರಲ್ ಬಾರಿಗೂ ಅರ್ತ್ ಬಾರಿಗೂ ನಡುವೆ ಓಮ್ ನೋಡಿ. ಸೊನ್ನೆ ಹತ್ತಿರ ತೋರಿಸಿದರೆ ಎಲ್ಲೋ ಸೇರಿದೆ: ಆ ಸ್ಕ್ರೂ ಇರಬಹುದು, ಯಾವುದೋ ಸಾಕೆಟ್ ಹಿಂದೆ ಅದುಮಿ ಹೋದ ವೈರ್ ಇರಬಹುದು. ಫೀಡರ್ ನ್ಯೂಟ್ರಲ್ ಬಿಚ್ಚದೆ ನೋಡಿದರೆ ಈ ಪರೀಕ್ಷೆಗೆ ಅರ್ಥ ಇಲ್ಲ, ಯಾಕೆಂದರೆ ಅತ್ತ ಮೇನ್‌ನಲ್ಲಿ ಎರಡೂ ಸೇರಿರುವುದನ್ನೇ ಮೀಟರ್ ತೋರಿಸುತ್ತದೆ. ಕೆಲಸ ಮುಗಿದು ಕರೆಂಟ್ ಕೊಟ್ಟ ಮೇಲೆ ಇನ್ನೊಂದು ದಾರಿ ಇದೆ. ದೊಡ್ಡ ಲೋಡ್ ಒಂದನ್ನು ಓಡಿಸಿ ಹಸಿರು ವೈರಿಗೆ ಕ್ಲಾಂಪ್ ಮೀಟರ್ ಹಾಕಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಆಂಪ್‌ಗಟ್ಟಲೆ ತೋರಿಸಿದರೆ ಎಲ್ಲೋ ಜೋಡಿ ಆಗಿದೆ ಅಂತಲೇ ಅರ್ಥ.

ಇನ್ನು ಕೇಬಲ್ ದಪ್ಪ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕ ಇದೆ, ಜನ ಒಂದನ್ನೇ ಮಾಡುತ್ತಾರೆ. ಮೊದಲನೆಯದು, ಬ್ರೇಕರ್ ಇರುವುದು ವೈರನ್ನು ಕಾಯುವುದಕ್ಕೆ. ಹಾಗಾಗಿ ಬ್ರೇಕರ್ ಬೀಳುವ ಮೊದಲು ವೈರ್ ಸುಡಬಾರದು. ಎರಡನೆಯದು, ದೂರ. 32 ಆಂಪ್, 30 ಮೀಟರ್, 230 ವೋಲ್ಟ್ ಇಟ್ಟುಕೊಂಡರೆ 4 ಸ್ಕ್ವೇರ್‌ನಲ್ಲಿ ದಾರಿಯಲ್ಲೇ ಸುಮಾರು 8.9 ವೋಲ್ಟ್ ಕಳೆಯುತ್ತದೆ, 6 ಸ್ಕ್ವೇರ್‌ನಲ್ಲಿ 5.9, 10 ಸ್ಕ್ವೇರ್‌ನಲ್ಲಿ 3.5. ವೈರ್ ಬಿಸಿಯಾದಾಗ ಇನ್ನೂ ಸ್ವಲ್ಪ ಜಾಸ್ತಿ. ಲೈಟಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಕಂಪ್ರೆಸರ್ ಮೋಟರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ, ಆಗ ವೋಲ್ಟೇಜ್ ಕುಸಿದು ಮೋಟರ್ ಗುರ್ ಅಂತ ನಿಂತುಬಿಡುತ್ತದೆ. ಒಂದು ಸೈಜ್ ದೊಡ್ಡದು ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಮಣ್ಣು ಅಗೆಯುವ ಕೆಲಸ ಎರಡನೇ ಸಲ ಯಾರಿಗೂ ಬೇಡ. 16 ಸ್ಕ್ವೇರ್‌ವರೆಗೆ ಅರ್ತ್ ವೈರ್ ಫೇಸ್‌ನಷ್ಟೇ ದಪ್ಪ ಅಂತ ಇಟ್ಟುಕೊಂಡರೆ ಲೆಕ್ಕ ಮಾಡುವ ಗೋಜೇ ಇಲ್ಲ, ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಐಇಸಿಯ ಪಟ್ಟಿಯಲ್ಲೂ ಹಾಗೇ ಇದೆ.

ಮೋಟರ್ ಸ್ಟಾರ್ಟ್ ಆಗುವಾಗ ಬ್ರೇಕರ್ ಬೀಳುತ್ತದೆ ಅಂತ ಸಿ ಕರ್ವ್ ತೆಗೆದು ಡಿ ಕರ್ವ್ ಹಾಕುವವರು ಮೇಲಿನ 430 ಆಂಪ್ ಲೆಕ್ಕವನ್ನು ಇನ್ನೊಂದು ಸಲ ನೋಡಬೇಕು. ಡಿ ಕರ್ವ್ ತಕ್ಷಣ ಬೀಳಲು 10ರಿಂದ 20 ಪಟ್ಟು ಬೇಕು, 32 ಆಂಪಿನದಕ್ಕೆ 640 ಆಂಪ್‌ವರೆಗೂ ಬೇಕಾಗಬಹುದು. ನಮ್ಮ ಹತ್ತಿರ ಇರುವುದು 430. ಅಂದರೆ ತಕ್ಷಣ ಬೀಳುತ್ತದೆ ಅನ್ನುವ ಭರವಸೆ ಹೋಯಿತು. ಬ್ರೇಕರ್ ಬದಲಿಸುವುದು ಎರಡು ನಿಮಿಷದ ಕೆಲಸ, ಆದರೆ ಅದರ ಹಿಂದೆ ಅರ್ತ್ ಲೂಪಿನ, ಅಂದರೆ ಫಾಲ್ಟ್ ಕರೆಂಟ್ ಹೋಗಿ ಬರುವ ಇಡೀ ದಾರಿಯ, ಲೆಕ್ಕ ಇದೆ.

ಆರ್‌ಸಿಸಿಬಿ ವಿಷಯದಲ್ಲೂ ಒಂದಿಷ್ಟು ಗೊಂದಲ ಇದೆ. ಅದು ಓವರ್‌ಲೋಡ್ ನೋಡುವುದಿಲ್ಲ, ಆ ಕೆಲಸಕ್ಕೆ ಎಂಸಿಬಿಯೇ ಬೇಕು. ಎರಡೂ ಒಂದರಲ್ಲೇ ಬೇಕಾದರೆ ಆರ್‌ಸಿಬಿಒ. ಮನೆಯಲ್ಲಿ ಒಂದು 30 ಮಿಲಿಆಂಪ್, ಗ್ಯಾರೇಜಿನಲ್ಲಿ ಇನ್ನೊಂದು 30 ಮಿಲಿಆಂಪ್ ಹಾಕಿ, ಗ್ಯಾರೇಜಿನ ಫಾಲ್ಟಿಗೆ ಗ್ಯಾರೇಜಿನದೇ ಬೀಳಲಿ ಅಂತ ಆಸೆಪಟ್ಟರೆ ಆಗುವುದಿಲ್ಲ, ಯಾವುದು ಬೀಳುತ್ತದೋ ಅದೃಷ್ಟ. ಎರಡೂ ಬೀಳಬಹುದು. ಮೇಲಿನದು 100 ಅಥವಾ 300 ಮಿಲಿಆಂಪಿನ, ತಡವಾಗಿ ಬೀಳುವ ಎಸ್ ಟೈಪ್ ಆಗಿದ್ದರೆ ಕೆಳಗಿನದು ಮೊದಲು ಬೀಳುತ್ತದೆ. ಒಂದೇ ಬಾಕ್ಸಿನಲ್ಲಿ ಎರಡು ಆರ್‌ಸಿಸಿಬಿ ಇದ್ದರೆ ನ್ಯೂಟ್ರಲ್ ಬಾರೂ ಎರಡು ಇರಬೇಕು. ಒಂದರ ಫೇಸ್ ಇನ್ನೊಂದರ ನ್ಯೂಟ್ರಲ್‌ಗೆ ಹೋಯಿತೋ, ಸ್ವಿಚ್ ಹಾಕಿದ ಕೂಡಲೇ ಬೀಳುತ್ತದೆ. ಕಾರ್ ಚಾರ್ಜರ್ ಹಾಕುವವರು ಇನ್ನೊಂದು ನೋಡಬೇಕು. ಚಾರ್ಜರಿನಿಂದ ಡಿಸಿ ಸೋರಿಕೆ ಬಂದರೆ ಸಾಮಾನ್ಯ ಆರ್‌ಸಿಸಿಬಿ ಕುರುಡಾಗುತ್ತದೆ. ಚಾರ್ಜರಿನಲ್ಲೇ 6 ಮಿಲಿಆಂಪ್ ಡಿಸಿ ಪತ್ತೆ ಮಾಡುವ ವ್ಯವಸ್ಥೆ ಇದ್ದರೆ ಟೈಪ್ ಎ ಆರ್‌ಸಿಸಿಬಿ ಸಾಕು, ಇಲ್ಲದಿದ್ದರೆ ಡಿಸಿ ಸೋರಿಕೆಯನ್ನೂ ಗುರುತಿಸುವ ಟೈಪ್ ಬಿ ಬೇಕು. ಚಾರ್ಜರ್ ರಾತ್ರಿಯಿಡೀ ಫುಲ್ ಲೋಡಿನಲ್ಲಿ ಓಡುವ ವಸ್ತು. ಫೀಡರ್ ಸೈಜ್ ಲೆಕ್ಕ ಹಾಕುವಾಗ ಅದನ್ನು ಅರ್ಧಂಬರ್ಧ ಹಿಡಿಯಬೇಡಿ.

ಗ್ಯಾರೇಜ್ ಅಂದರೆ ಧೂಳು, ಎಣ್ಣೆ, ಪೆಟ್ರೋಲ್, ಹಿಂದಕ್ಕೆ ಬರುವ ಕಾರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ. ಹಾಗಾಗಿ ಕಿಡಿ ಹಾರಿಸಬಲ್ಲ ಸಾಕೆಟ್, ಸ್ವಿಚ್ ಯಾವುದೂ ನೆಲದಿಂದ ಅರ್ಧ ಮೀಟರ್ ಒಳಗೆ ಬೇಡ. ಪ್ಯಾನಲ್ ಎದೆ ಮಟ್ಟಕ್ಕೆ ಇರಲಿ, ಮುಂದೆ ಒಂದು ಮೀಟರ್ ಜಾಗ ಖಾಲಿ ಇರಲಿ. ಆರು ತಿಂಗಳಿಗೆ ಅಲ್ಲಿ ರಟ್ಟಿನ ಡಬ್ಬ ಬಂದು ಕೂರುತ್ತವೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನೆಲದ ಮೇಲೆ ಬಣ್ಣದಲ್ಲಿ ಒಂದು ಚೌಕ ಬರೆದುಬಿಡಿ. ಇನ್ನೊಂದು ಬಹಳ ಮುಖ್ಯ: ಲೈಟಿಗೆ ಒಂದು ಸರ್ಕ್ಯೂಟ್, ಸಾಕೆಟ್‌ಗಳಿಗೆ ಬೇರೆ ಸರ್ಕ್ಯೂಟ್, ಎರಡಕ್ಕೂ ಬೇರೆ ಬೇರೆ ಆರ್‌ಸಿಬಿಒ. ಮರ ಕೊಯ್ಯುವ ಬ್ಲೇಡ್ ತಿರುಗುತ್ತಿರುವಾಗ ಸಾಕೆಟ್ ಟ್ರಿಪ್ ಆದರೆ ಬ್ಲೇಡ್ ಕೂಡಲೇ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಲೈಟೂ ಹೋದರೆ ಕತ್ತಲಲ್ಲಿ ಕೈ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಮಣ್ಣಿನ ಕೆಳಗೆ ಹೋಗುವ ಪೈಪಿನೊಳಗೆ ನೀರು ಬಂದೇ ಬರುತ್ತದೆ, ಎಷ್ಟೇ ಅಂಟು ಹಾಕಿದರೂ. ಹಬೆ ತಣ್ಣಗಾಗಿಯಾದರೂ ನೀರಾಗುತ್ತದೆ. ಹಾಗಾಗಿ ನೀರಿನಲ್ಲಿ ನಿಲ್ಲುವ ದರ್ಜೆಯ ಕೇಬಲ್ಲೇ ಬೇಕು. ಎನ್‌ಇಸಿ ಪ್ರಕಾರ ಪಿವಿಸಿ ಪೈಪಿನಲ್ಲಾದರೆ 18 ಇಂಚು, ನೇರ ಹೂಳುವ ಕೇಬಲ್ ಆದರೆ 24 ಇಂಚು ಆಳ. ನಿಮ್ಮ ಕಡೆಯ ನಿಯಮ ಏನು ಹೇಳುತ್ತದೋ ಅದನ್ನು ನೋಡಿ. ಮೇಲೆ ಎಚ್ಚರಿಕೆಯ ಟೇಪ್ ಹಾಸಿ. ಮುಚ್ಚುವ ಮೊದಲು ಫೋಟೋ ತೆಗೆದಿಡಿ, ಅಳತೆ ಪಟ್ಟಿ ಫೋಟೋದಲ್ಲಿ ಕಾಣುವ ಹಾಗೆ. ಉಕ್ಕಿನ ತಂತಿಯ ಆರ್ಮರ್ ಇರುವ ಕೇಬಲ್ ಆದರೆ, ಅದನ್ನು ಬಾಕ್ಸಿಗೆ ಬಿಗಿಹಿಡಿಯುವ ಗ್ಲ್ಯಾಂಡ್ ಸರಿಯಾಗಿ ಕೂರಿಸಿ. ಆರ್ಮರನ್ನೇ ಅರ್ತ್ ಅಂತ ನಂಬಿರುವ ಕಡೆ ಸಡಿಲ ಗ್ಲ್ಯಾಂಡ್ ಅಂದರೆ ಅರ್ತ್ ಇಲ್ಲ ಅಂತಲೇ ಲೆಕ್ಕ.

ಸ್ಕ್ರೂ ಬಿಗಿ ಮಾಡುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಪ್ಯಾನಲ್ ಸುಟ್ಟ ಕಡೆ ಬಹಳ ಸಲ ಸಿಗುವ ಕಾರಣ ಸಡಿಲ ಜಾಯಿಂಟ್. ಸಡಿಲ ಜಾಗ ಬಿಸಿಯಾಗುತ್ತದೆ, ಬಿಸಿಯಾಗಿ ತಣ್ಣಗಾಗಿ ಇನ್ನೂ ಸಡಿಲವಾಗುತ್ತದೆ, ಆದರೆ ಕರೆಂಟ್ ಮಾಮೂಲಿಯಷ್ಟೇ ಇರುವುದರಿಂದ ಬ್ರೇಕರಿಗೆ ಗೊತ್ತೇ ಆಗುವುದಿಲ್ಲ. ಬ್ರೇಕರಿನ ಮೇಲೋ ಅದರ ಕಾಗದದಲ್ಲೋ ಎಷ್ಟು ನ್ಯೂಟನ್ ಮೀಟರ್ ಅಂತ ಇರುತ್ತದೆ. ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡು ಅಷ್ಟೇ ಬಿಗಿ ಮಾಡಿ. ನೂಲು ನೂಲಾಗಿರುವ ವೈರಿನ ತುದಿಗೆ ಫೆರೂಲ್, ಅಂದರೆ ಚಿಕ್ಕ ಲೋಹದ ಕೊಳವೆ, ಹಾಕಿ. ಅಲ್ಯೂಮಿನಿಯಂ ಕೇಬಲ್ ಆದರೆ ಟರ್ಮಿನಲ್ ಅದಕ್ಕೆ ಒಪ್ಪುತ್ತದೆಯೇ ಅಂತ ಮೊದಲೇ ನೋಡಿ.

ಇದನ್ನೆಲ್ಲ ನೀವೇ ಮಾಡಬೇಕಾ? ಬಹಳ ಕಡೆ ಕಾನೂನು ಪ್ರಕಾರ ಲೈಸೆನ್ಸ್ ಇರುವವರೇ ಮಾಡಬೇಕು, ಕೆಲವು ಕಡೆ ಮನೆಯವರು ಪರ್ಮಿಟ್ ತೆಗೆದುಕೊಂಡು ಮಾಡಬಹುದು. ಪೈಪು, ಬಾಕ್ಸು, ಅಗೆತ ನೀವು ಮಾಡಿಟ್ಟು, ಮೇನ್ ಪ್ಯಾನಲ್‌ನ ಕೆಲಸ ಅವರಿಗೆ ಬಿಡುವುದು ಒಳ್ಳೆಯ ಒಪ್ಪಂದ. ಯಾಕೆಂದರೆ ಮೇನ್ ಸ್ವಿಚ್ ಆಫ್ ಮಾಡಿದರೂ ಅದಕ್ಕೆ ಬರುವ ಕಡೆಯ ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದಕ್ಕೆ ಹಿಂದೆ ಇರುವುದು ಕಂಪನಿಯ ಫ್ಯೂಸ್ ಮಾತ್ರ. ಅಲ್ಲಿ ಸ್ಕ್ರೂಡ್ರೈವರ್ ಜಾರಿದರೆ ಕೈ ಮುಖ ಸುಡುತ್ತದೆ. ನೀವು ಮಾಡದಿದ್ದರೂ ಏನೇನು ಕೇಳಬೇಕು ಅಂತ ಗೊತ್ತಿರಬೇಕು, ಅಲ್ವಾ?

ಕೇಳಬೇಕಾದ್ದರಲ್ಲಿ ಮುಖ್ಯವಾದದ್ದು ಪರೀಕ್ಷೆ. ಲೈಟ್ ಉರಿದರೆ ಕೆಲಸ ಮುಗಿಯಿತು ಅಂತ ಹೊರಡುವವರನ್ನು ಹಿಡಿದು ನಿಲ್ಲಿಸಿ. ಅರ್ತ್ ವೈರ್ ಕೊನೆಯ ಸಾಕೆಟ್‌ವರೆಗೂ ಕಡಿಯದೆ ಹೋಗಿದೆಯೇ ನೋಡಬೇಕು. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ಇನ್ಸುಲೇಶನ್ ನೋಡಬೇಕು, 1 ಮೆಗಓಮ್‌ಗಿಂತ ಕಡಿಮೆ ಬರಬಾರದು. ಹೊಸ ಕೆಲಸದಲ್ಲಿ ಇದಕ್ಕಿಂತ ಬಹಳ ಜಾಸ್ತಿಯೇ ಬರುತ್ತದೆ. ಫೇಸ್ ನ್ಯೂಟ್ರಲ್ ಅದಲುಬದಲು ಆಗಿಲ್ಲ ಅಂತ ನೋಡಬೇಕು. ಲೂಪ್ ಟೆಸ್ಟರ್ ಹಾಕಿ ಫಾಲ್ಟ್ ಲೂಪ್ ಎಷ್ಟು ಓಮ್ ಇದೆ ಅಂತ ಅಳೆದರೆ ಮೇಲಿನ ಲೆಕ್ಕವೆಲ್ಲ ನಿಜವೋ ಸುಳ್ಳೋ ಅಂತ ಅಲ್ಲೇ ಗೊತ್ತಾಗುತ್ತದೆ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ "ನೋಡಿ, ಅರ್ತಿಂಗ್ ಸರಿ ಇದೆ" ಅಂತ ತೋರಿಸಿದರೆ ಒಪ್ಪಬೇಡಿ. ಆ ಬಟನ್ ಒಳಗಿನ ಒಂದು ರೆಸಿಸ್ಟರ್ ಮೂಲಕ ಫೇಸ್‌ನಿಂದ ನ್ಯೂಟ್ರಲ್‌ಗೆ ಅಡ್ಡದಾರಿಯಲ್ಲಿ ಸ್ವಲ್ಪ ಕರೆಂಟ್ ಬಿಡುತ್ತದೆ, ಅಷ್ಟೇ. ಅದಕ್ಕೂ ಅರ್ತ್ ವೈರಿಗೂ ಸಂಬಂಧವೇ ಇಲ್ಲ. ಅರ್ತ್ ವೈರ್ ಪೂರ್ತಿ ಕಿತ್ತು ಹಾಕಿದ್ದರೂ ಬಟನ್ ಒತ್ತಿದರೆ ಅದು ಬೀಳುತ್ತದೆ. ಬಟನ್ ತೋರಿಸುವುದು ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಅಂತ ಮಾತ್ರ. ಸರಿಯಾದ ಪರೀಕ್ಷೆ ಅಂದರೆ ಆರ್‌ಸಿಡಿ ಟೆಸ್ಟರನ್ನು (ಆರ್‌ಸಿಸಿಬಿ ಪರೀಕ್ಷಿಸುವ ಮೀಟರ್) ಗ್ಯಾರೇಜಿನ ಕೊನೆಯ ಸಾಕೆಟ್ಟಿಗೆ ಹಾಕಿ ಫೇಸ್‌ನಿಂದ ಅರ್ತ್‌ಗೆ 30 ಮಿಲಿಆಂಪ್ ಬಿಡುವುದು. ಸಾಮಾನ್ಯ ಟೈಪ್ ಆದರೆ 300 ಮಿಲಿಸೆಕೆಂಡ್ ಒಳಗೆ ಬೀಳಬೇಕು, 150 ಮಿಲಿಆಂಪ್ ಬಿಟ್ಟರೆ 40 ಮಿಲಿಸೆಕೆಂಡ್ ಒಳಗೆ. ಬಂದ ಅಂಕಿಗಳನ್ನು ಒಂದು ಚೀಟಿಯಲ್ಲಿ ತಾರೀಕಿನ ಜೊತೆ ಬರೆದು ಪ್ಯಾನಲ್ ಬಾಗಿಲಿನ ಒಳಗಡೆ ಅಂಟಿಸಿಡಿ. ಯಾವ ಬ್ರೇಕರ್ ಯಾವುದಕ್ಕೆ ಅನ್ನುವ ಪಟ್ಟಿಯೂ ಅಲ್ಲೇ ಇರಲಿ, ಪೆನ್ಸಿಲ್‌ನಲ್ಲಿ ಬೇಡ.